ವೇಷಕ್ಕೆ ತಕ್ಕ ಮುಖ

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಬೇರೆ ಯಾವುದಕ್ಕೆ ಬಡತನವಿದ್ದರೂ ವಾದಕ್ಕೆ ಬಡತನವಿಲ್ಲ. ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕು, ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ, ಧಾರವಾಡದ ಕನ್ನಡ ಚೆಂದವೋ ಮೈಸೂರಿನ ಕನ್ನಡ ಚೆಂದವೋ ಎಂಬ ಪ್ರಶ್ನೆಗಳು ನಮ್ಮ ತಂದೆಯವರ ಕಾಲಕ್ಕೇ ಹುಟ್ಟಿದವು. ಇಂದಿಗೂ ಇತ್ಯರ್ಥವಾಗಿಲ್ಲ, ಆಗುವುದೂ ಬೇಡ. ಈಚೆಗೆ ಈ ಪಟ್ಟಿಗೆ ಹೊಸದೊಂದು ಸೇರಿದೆ. ಸೂಪರ್‌ಮ್ಯಾನ್ ಆಗಲು ಯಾರು ಯೋಗ್ಯರು? ಬ್ಯಾಟ್‌ಮನ್‌ನ ಮುಖವಾಡ ಯಾರ ಮೂಗಿಗೆ ಒಪ್ಪುತ್ತದೆ? ಅಮೆರಿಕದಲ್ಲಿ ಹುಟ್ಟಿದ ಈ ತಕರಾರು ಸಮುದ್ರ ದಾಟಿ ಬಂದು ಪುಣೆಯ ನಮ್ಮ ಊಟದ ಮೇಜನ್ನು ಎರಡು ಪಕ್ಷವಾಗಿ ಒಡೆದಿದೆ.

ಈ ವೀರರ ಚಿತ್ರಗಳಿಗೆ ಒಂದು ವಿಚಿತ್ರ ಪದ್ಧತಿಯುಂಟು. ನಾಲ್ಕಾರು ಚಿತ್ರಗಳಾದ ಮೇಲೆ, ನಟನಿಗೆ ವಯಸ್ಸಾಯಿತೆಂದೋ, ಗಲ್ಲಾಪೆಟ್ಟಿಗೆ ಬರಿದಾಯಿತೆಂದೋ, ಅಲ್ಲಿಯವರೆಗಿನ ಕಥೆಯನ್ನೆಲ್ಲ ಹಲಗೆಯ ಮೇಲಿನ ಲೆಕ್ಕದಂತೆ ಒರೆಸಿಹಾಕಿ, ಹೊಸ ಮುಖವೊಂದನ್ನು ಹುಡುಕಿ ತಂದು, ಮೊದಲಿನಿಂದ ಆರಂಭಿಸುತ್ತಾರೆ. ಇದಕ್ಕೆ ‘ರೀಬೂಟ್’ ಎಂದು ಹೆಸರು. ಕಥೆ ಬದಲಾದರೆ ಅಭಿಮಾನಿಗಳು ಅಷ್ಟಾಗಿ ಬೇಸರಪಡುವುದಿಲ್ಲ. ಮುಖ ಬದಲಾದರೆ ಮಾತ್ರ ರಣರಂಗ.

ನಮ್ಮ ಮಗ 2013ರ ‘ಮ್ಯಾನ್ ಆಫ್ ಸ್ಟೀಲ್’ ನೋಡಿದಂದಿನಿಂದ ಹೆನ್ರಿ ಕ್ಯಾವಿಲ್ ಎಂಬ ನಟನ ಭಕ್ತ. 2022ರ ಅಕ್ಟೋಬರಿನಲ್ಲಿ ತಾನು ಮತ್ತೆ ಸೂಪರ್‌ಮ್ಯಾನ್ ಆಗಿ ಬರುವೆನೆಂದು ಆ ನಟ ಪ್ರಕಟಿಸಿದ. ಡಿಸೆಂಬರಿನಲ್ಲಿ, ಇಲ್ಲ, ಬರುವುದಿಲ್ಲ ಎಂದು ತಿಳಿಸಬೇಕಾಯಿತು. ನಮ್ಮ ಮಗ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. 2023ರಲ್ಲಿ ಡೇವಿಡ್ ಕೊರೆನ್ಸ್‌ವೆಟ್ ಎಂಬ ಅಷ್ಟಾಗಿ ಹೆಸರಿಲ್ಲದ ನಟನನ್ನು ಆರಿಸಿದಾಗ, “ಈ ಮುಖಕ್ಕೆ ಸೂಪರ್‌ಮ್ಯಾನ್ ವೇಷವೇ!” ಎಂದು ಆತ ಗುಡುಗಿದ. ಮೊಮ್ಮಗನೋ 2025ರ ಜುಲೈನಲ್ಲಿ ಆ ಹೊಸ ಚಿತ್ರ ಬಂದ ವಾರವೇ ನೋಡಿ ಬಂದು ಹೊಸಬನ ಪಕ್ಷ ಸೇರಿದ. ನಾವು 1978ರ ಚಿತ್ರದ ಕ್ರಿಸ್ಟೊಫರ್ ರೀವ್‌ನನ್ನು ಕಂಡವರು. ಎರಡು ಪಕ್ಷಕ್ಕೂ ಸೇರದವರು. ನಮ್ಮಾಕೆಯದು ನಾಲ್ಕನೆಯ ಅಭಿಪ್ರಾಯ. ಹಾರುವವನಿಗೆ ಬೆನ್ನ ಮೇಲೆ ಅಷ್ಟು ಉದ್ದದ ಶಾಲು ಏತಕ್ಕೆ, ಯಾವುದಾದರೂ ತಂತಿಗೆ ಸಿಕ್ಕಿಕೊಂಡೀತು ಎಂಬುದೊಂದೇ ಆಕೆಯ ಚಿಂತೆ.

ಈ ಜಗಳದ ಚರಿತ್ರೆ ಸ್ವಾರಸ್ಯವಾಗಿದೆ. 1989ರ ‘ಬ್ಯಾಟ್‌ಮನ್’ ಚಿತ್ರಕ್ಕೆ ನಿರ್ದೇಶಕ ಟಿಮ್ ಬರ್ಟನ್ ಮೈಕೆಲ್ ಕೀಟನ್‌ನನ್ನು ಆರಿಸಿಕೊಂಡಾಗ ವಾರ್ನರ್ ಬ್ರದರ್ಸ್ ಸಂಸ್ಥೆಗೆ ಸುಮಾರು 50,000 ಪ್ರತಿಭಟನೆಯ ಕಾಗದಗಳು ಬಂದವೆಂದು ಪ್ರತೀತಿ. ಕೀಟನ್ ಅದುವರೆಗೆ ನಗಿಸುವ ಪಾತ್ರಗಳಿಗೆ ಹೆಸರಾದವನು. ಕೆಲಸ ಕಳೆದುಕೊಂಡು ಮನೆಯಲ್ಲಿ ಮಕ್ಕಳನ್ನು ಸಂಬಾಳಿಸುವ ಗಂಡನ ಪಾತ್ರವನ್ನು 1983ರಲ್ಲಿ ಮಾಡಿದ್ದವನು. ಅಂಥವನು ಕತ್ತಲ ವೀರನಾಗುವುದೆಂದರೇನು? ಚಿತ್ರ ಬಂತು, 40 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಅದೇ ಕೀಟನ್ 2023ರಲ್ಲಿ, ಎಪ್ಪತ್ತು ದಾಟಿದ ಮೇಲೆ, ‘ದಿ ಫ್ಲ್ಯಾಶ್’ ಚಿತ್ರದಲ್ಲಿ ಮತ್ತೆ ಆ ಮುಖವಾಡ ತೊಟ್ಟು ಬಂದಾಗ, ಹಳೆಯ ಅಭಿಮಾನಿಗಳು ತವರಿನವರನ್ನು ಕಂಡಂತೆ ಹಿಗ್ಗಿದರು.

‘ದಿ ಡಾರ್ಕ್ ನೈಟ್’ ಚಿತ್ರದ ಜೋಕರ್ ಪಾತ್ರಕ್ಕೆ ಹೀತ್ ಲೆಜರ್ ಆಯ್ಕೆಯಾದಾಗಲೂ ಇದೇ ಗೇಲಿ. ಸುಂದರಾಂಗ ಪ್ರೇಮಿಗೆ ಖಳನ ಪಾತ್ರವೇ ಎಂದರು. 2008ರ ಜನವರಿಯಲ್ಲಿ, ಚಿತ್ರ ತೆರೆಗೆ ಬರುವ ಮೊದಲೇ, ಪಾಪ, ಆತ 28ನೆಯ ವಯಸ್ಸಿನಲ್ಲಿ ತೀರಿಕೊಂಡ. 2009ರಲ್ಲಿ ಆತನಿಗೆ ಆಸ್ಕರ್ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಿದವರು ತಂದೆ, ತಾಯಿ ಮತ್ತು ಅಕ್ಕ. ಇನ್ನು ವುಲ್ವರಿನ್ ಎಂಬ ವೀರ, ಚಿತ್ರಕಥೆಯ ಪುಸ್ತಕಗಳಲ್ಲಿ ಐದು ಅಡಿ ಮೂರು ಅಂಗುಲದ ಗಿಡ್ಡ. ಆ ಪಾತ್ರಕ್ಕೆ 2000ದಲ್ಲಿ ಬಂದ ಹ್ಯೂ ಜ್ಯಾಕ್‌ಮನ್ ಆರಡಿಗೂ ಮೀರಿದ ಆಳು. ಅದೂ ಮೊದಲು ಗೊತ್ತಾಗಿದ್ದ ನಟನಿಗೆ ಬಿಡುವಾಗದೆ ಕೊನೆಗಳಿಗೆಯಲ್ಲಿ ಕರೆಸಿಕೊಂಡವನು. 2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ಚಿತ್ರದವರೆಗೂ ಆತನನ್ನು ಜನ ಬಿಡಲಿಲ್ಲ. ವಂಡರ್ ವುಮನ್ ಪಾತ್ರಕ್ಕೆ ಗ್ಯಾಲ್ ಗಡೋಟ್ ತೀರ ಸಣಕಲು ಎಂದವರು 2017ರಲ್ಲಿ ಆ ಚಿತ್ರಕ್ಕೆ ಸಾಲುಗಟ್ಟಿ ನಿಂತರು. ರೀವ್ ಕೂಡ ಮೊದಲು ಕಡ್ಡಿಯಂತಿದ್ದವನೇ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಮೈ ತುಂಬಿಕೊಂಡು ಸೂಪರ್‌ಮ್ಯಾನ್ ಆದ.

ಹಾಗೆಂದು ಅಭಿಮಾನಿಗಳ ಭಯವೆಲ್ಲ ಬರೀ ಭ್ರಮೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 1997ರ ‘ಬ್ಯಾಟ್‌ಮನ್ ಅಂಡ್ ರಾಬಿನ್’ ಚಿತ್ರದಲ್ಲಿ ಬ್ಯಾಟ್‌ಮನ್ ಆದ ಜಾರ್ಜ್ ಕ್ಲೂನಿ, ಅದಕ್ಕಾಗಿ ವರ್ಷಗಟ್ಟಲೆ ಬಹಿರಂಗವಾಗಿ ಕ್ಷಮೆ ಕೇಳುತ್ತ ಬಂದಿದ್ದಾನೆ. ಆದರೆ ಆ ಚಿತ್ರ ಸೋತದ್ದು ಕ್ಲೂನಿಯ ಮುಖದಿಂದಲೇ? ಕಥೆಯಲ್ಲಿ ಹುರುಳಿರಲಿಲ್ಲ, ಮಾತಿನಲ್ಲಿ ಮೊನೆಯಿರಲಿಲ್ಲ. ಹಿಟ್ಟು ಹಳಸಿದ್ದರೆ ಕಾವಲಿಯನ್ನು ಬೈದು ಫಲವೇನು?

ಇದನ್ನು ನಾವು ಒಂದು ದಿನ ಊಟದ ಹೊತ್ತಿನಲ್ಲಿ ಸ್ವಲ್ಪ ಗತ್ತಿನಿಂದಲೇ ವಿವರಿಸಿದೆವು. ಯಕ್ಷಗಾನದ ದೃಷ್ಟಾಂತವನ್ನೂ ಕೊಟ್ಟೆವು. ಒಂದೇ ಪ್ರಸಂಗದ ಕೌರವನನ್ನು ಈ ಮೇಳದಲ್ಲಿ ಒಬ್ಬರು, ಆ ಮೇಳದಲ್ಲಿ ಇನ್ನೊಬ್ಬರು ಆಡುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಜನ ಹೋಗುವುದು ಇವರು ಹೇಗೆ ಕುಣಿಯುತ್ತಾರೆ, ಹೇಗೆ ಅರ್ಥ ಹೇಳುತ್ತಾರೆ ಎಂದು ನೋಡಲು. ನಮಗೆ ರೀಬೂಟ್ ಹೊಸತಲ್ಲ ಎಂದೆವು. ನಮ್ಮಾಕೆ ಹುಳಿ ಬಡಿಸುತ್ತ, “ಅದೆಲ್ಲ ಸರಿ. ನಾಳೆ ‘ಬಬ್ರುವಾಹನ’ವನ್ನು ಹೊಸದಾಗಿ ತೆಗೆಯುತ್ತಾರೆ ಅನ್ನಿ. ರಾಜ್‌ಕುಮಾರ್ ಜಾಗದಲ್ಲಿ ಯಾರನ್ನು ಒಪ್ಪುತ್ತೀರಿ ನೀವು?” ಎಂದಳು. 1977ರ ಆ ಚಿತ್ರದಲ್ಲಿ ಅರ್ಜುನನೂ ಅವರೇ, ಬಬ್ರುವಾಹನನೂ ಅವರೇ. ನಾವು ಮಜ್ಜಿಗೆಯ ಲೋಟ ಎತ್ತಿಕೊಂಡೆವು. ಮಗ ಮೊಮ್ಮಗ ಇಬ್ಬರೂ ಅಂದು ಮೊದಲ ಬಾರಿಗೆ ಒಂದಾಗಿ ನಕ್ಕರು.

ಆಕೆಯ ಪ್ರಶ್ನೆಯಲ್ಲಿ ಈ ಜಗಳದ ಮರ್ಮವಿದೆ. ಜನ ಕಾಯುವುದು ನಟನನ್ನಲ್ಲ, ತಮ್ಮ ಬಾಲ್ಯವನ್ನು. ನಮ್ಮ ಮಕ್ಕಳಿಗೆ ಆ ಬಾಲ್ಯವೆಂದರೆ 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’. ಕನ್ನಡಕ ಹಾಕಿ ಹಲ್ಲುಬ್ಬಿಸಿಕೊಂಡು ಪತ್ರಿಕೆಗೆ ಪಟ ತೆಗೆಯುವ ಗಂಗಾಧರ, ಕ್ಷಣದಲ್ಲಿ ಗಿರಗಿರನೆ ತಿರುಗಿ ಶಕ್ತಿಮಾನ್ ಆಗುತ್ತಿದ್ದ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಎಷ್ಟು ಕನ್ನಡದ ಮಕ್ಕಳು ಓಣಿಯ ಮಕ್ಕಳ ಜೊತೆ ಗೆಳೆತನ ಬೆಳೆಸಿದ್ದು ಆ ಗಿರಕಿಯಿಂದ! ಭಾಷೆ ಬಾರದಿದ್ದರೇನು, ತಿರುಗಲು ಬಂದರೆ ಸಾಕಾಗಿತ್ತು. 2022ರಲ್ಲಿ ಸೋನಿ ಸಂಸ್ಥೆ ಅದನ್ನು ದೊಡ್ಡ ಚಿತ್ರವಾಗಿ ತೆಗೆಯುವುದಾಗಿ ಸಾರಿತು. ರಣವೀರ್ ಸಿಂಗ್ ಹೆಸರು ಕೇಳಿಬಂದಾಗ, ಮೂಲ ಶಕ್ತಿಮಾನ್ ಮುಕೇಶ್ ಖನ್ನಾ 2024ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ಅವರು ಬಿ. ಆರ್. ಚೋಪ್ರಾರ ‘ಮಹಾಭಾರತ’ದ ಭೀಷ್ಮರೂ ಹೌದು, ಹಿಡಿದ ಪಟ್ಟು ಬಿಡುವುದು ಅವರಿಂದಾಗದ ಮಾತು. ಆದರೂ ಅವರ ಸಂಕಟ ನಮಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ತನ್ನದಾಗಿದ್ದ ವೇಷವನ್ನು ಇನ್ನೊಬ್ಬರ ಮೈಮೇಲೆ ಕಾಣುವುದು ಸುಲಭವಲ್ಲ.

ಪ್ರೀತಿಯಿಂದ ಹುಟ್ಟಿದ ತಕರಾರು ಅಲ್ಲಿಗೇ ನಿಂತರೆ ಚಿಂತೆಯಿಲ್ಲ. ಅದು ಕೆಲವೊಮ್ಮೆ ನಿಲ್ಲುವುದಿಲ್ಲ. 2011ರ ‘ಥಾರ್’ ಚಿತ್ರದಲ್ಲಿ ದೇವಲೋಕದ ಕಾವಲುಗಾರನ ಪಾತ್ರವನ್ನು ಇಡ್ರಿಸ್ ಎಲ್ಬಾ ಮಾಡಿದಾಗ, ಕಪ್ಪು ಬಣ್ಣದವನು ಉತ್ತರ ಯೂರೋಪಿನ ದೇವತೆಯಾಗುವುದುಂಟೇ ಎಂದು ಚಿತ್ರವನ್ನೇ ಬಹಿಷ್ಕರಿಸಲು ಹೊರಟವರಿದ್ದರು. ಸುತ್ತಿಗೆ ಬೀಸಿ ಆಕಾಶಕ್ಕೆ ನೆಗೆಯುವ ದೇವರನ್ನು ನಂಬಬಹುದು, ಕಾಮನಬಿಲ್ಲಿನ ಸೇತುವೆಯನ್ನು ನಂಬಬಹುದು; ಅದನ್ನು ಕಾಯುವವನ ಚರ್ಮದ ಬಣ್ಣವನ್ನು ಮಾತ್ರ ನಂಬಲಾಗದು!

ಈ ಮಾತು ಬಂದ ಭಾನುವಾರ ನಮ್ಮ ಮಗಳು ಚೆನ್ನೈನಿಂದ ಫೋನಿನಲ್ಲಿದ್ದಳು. ಅಣ್ಣ ಇನ್ನೊಂದು ಹೊಸ ಆಯ್ಕೆಯನ್ನು ಹಳಿಯುವುದನ್ನು ಕೇಳಿ, “ಅಣ್ಣ, ಆ ಹುಡುಗಿ ಇನ್ನೂ ಬಾಯೇ ಬಿಟ್ಟಿಲ್ಲವಲ್ಲೋ” ಎಂದಳು, ಅಷ್ಟೆ. ಅವಳಿಗೆ ಹತ್ತು ವರ್ಷವಾಗಿದ್ದಾಗ ಇಲ್ಲಿಯ ಶಾಲೆಯೊಂದರಲ್ಲಿ ಝಾನ್ಸಿ ರಾಣಿಯ ನಾಟಕವಿತ್ತು. ರಾಣಿಯ ಮಾತುಗಳನ್ನೆಲ್ಲ ಅವಳು ನಿದ್ದೆಯಲ್ಲಿಯೂ ಒಪ್ಪಿಸುತ್ತಿದ್ದಳು. ಪಾತ್ರ ಹಂಚಿದವರು ಅವಳ ಮುಖವನ್ನೊಮ್ಮೆ ನೋಡಿ, ಬಣ್ಣ ಕಡಿಮೆ, ಮಾತಿನಲ್ಲಿ ದಕ್ಷಿಣದ ವಾಸನೆ ಇದೆ ಎಂದು ಹೇಳಿ, ಕೈಗೆ ಒಂದು ಈಟಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಅವಳು ಅಳಲಿಲ್ಲ. ನಾಟಕದ ದಿನ ರಾಣಿಯ ಹುಡುಗಿ ಮಾತು ಮರೆತಾಗ, ಬಾಗಿಲಲ್ಲಿ ನಿಂತ ಕಾವಲುಗಾರ್ತಿ ಮೆಲ್ಲಗೆ ಹೇಳಿಕೊಟ್ಟದ್ದು ಮೂರನೆಯ ಸಾಲಿನಲ್ಲಿದ್ದ ನಮಗೆ ಕೇಳಿಸಿತು. ಅವಳ ಅಣ್ಣನೂ ನಮ್ಮ ಪಕ್ಕದಲ್ಲಿಯೇ ಇದ್ದ. ಅದಕ್ಕೇ ಇರಬೇಕು, ಆ ಭಾನುವಾರ ಅವನು ತಿರುಗಿ ಮಾತಾಡಲಿಲ್ಲ.

ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದವರು ಯಾರೆಂದು ನೋಡಿದರೆ ಈ ಮಾತು ಇನ್ನೂ ಹತ್ತಿರಕ್ಕೆ ಬರುತ್ತದೆ. ಜೆರಿ ಸೀಗಲ್, ಜೋ ಶುಸ್ಟರ್ ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಕ್ಲೀವ್‌ಲೆಂಡ್ ನಗರದ ಶಾಲೆಯ ಗೆಳೆಯರು. 1938ರಲ್ಲಿ ಅಚ್ಚಾದ ಆ ವೀರನ ಹಕ್ಕನ್ನು ಕೇವಲ 130 ಡಾಲರಿಗೆ ಮಾರಿದವರು. ಅವರ ನಾಯಕನೂ ಪರಸ್ಥಳದವನೇ. ಹುಟ್ಟಿದ ನೆಲ ಒಂದು, ಬೆಳೆದ ಹಳ್ಳಿ ಇನ್ನೊಂದು, ಹೊಟ್ಟೆಪಾಡಿನ ಪಟ್ಟಣ ಮತ್ತೊಂದು. ಮನೆತನದ ಹೆಸರು ಕಾಲ್-ಎಲ್, ಕಚೇರಿಯ ಹೆಸರು ಕ್ಲಾರ್ಕ್ ಕೆಂಟ್. ಮನೆಯಲ್ಲಿ ಪುಟ್ಟಣ್ಣನಾಗಿ ಕಚೇರಿಯಲ್ಲಿ ಮಿಸ್ಟರ್ ರಾವ್ ಆಗುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2025ರಲ್ಲಿ ನಿರ್ದೇಶಕ ಜೇಮ್ಸ್ ಗನ್, ಇದು ವಲಸೆ ಬಂದವನ ಕಥೆ ಎಂದಾಗ ಅಮೆರಿಕದಲ್ಲಿ ಕೆಲವರು ಕೆರಳಿದರು. ನಮ್ಮ ಮನೆಯಲ್ಲಿ ಯಾರೂ ಕೆರಳಲಿಲ್ಲ.

ಈಗ ನಮ್ಮ ಮೇಜಿಗೆ ಎರಡು ಕಟ್ಟಳೆಗಳಾಗಿವೆ. ಚಿತ್ರ ನೋಡುವ ತನಕ ಯಾರ ಮುಖವನ್ನೂ ಹಳಿಯಬಾರದು. ನೋಡಿದ ಮೇಲೆ ಎಷ್ಟು ಹೊತ್ತಾದರೂ ಜಗಳವಾಡಬಹುದು, ಆದರೆ ಕನ್ನಡದಲ್ಲಿ. ಎರಡನೆಯದು ನಮ್ಮಾಕೆಯ ಸೇರ್ಪಡೆ. ಮೊಮ್ಮಗ ಮೊದಲು ತಡವರಿಸಿದ. ಈಗ ‘ಖಳ’, ‘ಪ್ರತಿಜ್ಞೆ’, ‘ಅವಸರ ಪಡಬೇಡ ಅಪ್ಪ’ ಎಲ್ಲ ಸಲೀಸಾಗಿ ಬರುತ್ತವೆ. ನಡುನಡುವೆ ಮರಾಠಿಯ ರಾಗವೂ ಬರುತ್ತದೆ, ಬರಲಿ.

ಅದಕ್ಕಾಗಿಯೇ ಈ ಪುಟಗಳಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ಊರೂರಿನ ನಮ್ಮ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕವಾಗುತ್ತದೆ. ಅಲ್ಲಿಯೂ ಪಾತ್ರ ಹಂಚುವಾಗ, ಈ ಮಗುವಿನ ಕನ್ನಡದಲ್ಲಿ ಮರಾಠಿಯ ಎಳೆತವಿದೆ, ಆ ಮಗುವಿನದು ತಮಿಳಿನಂತೆ ಕೇಳಿಸುತ್ತದೆ ಎಂದು ಬಾವುಟ ಹಿಡಿಯಲು ನಿಲ್ಲಿಸುವುದುಂಟು. ಇಲ್ಲಿಯೇ ಹುಟ್ಟಿ ಬೆಳೆದ ಮಗು ಕನ್ನಡ ಆಡುತ್ತೇನೆಂದು ಮುಂದೆ ಬಂದಿರುವುದೇ ದೊಡ್ಡದು. ಕಿತ್ತೂರು ಚೆನ್ನಮ್ಮನ ನಾಲ್ಕು ಮಾತನ್ನು ಮೊದಲು ಅದರ ಬಾಯಿಂದ ಕೇಳಿ. ಕೇಳಿದ ಮೇಲೆ ಈಟಿ ಯಾರಿಗೆ, ಕಿರೀಟ ಯಾರಿಗೆ ಎಂದು ನಿರ್ಧರಿಸಿದರಾಯಿತು.