ಮೇಪಲ್ ನಾಡಿನ ಆಲೆಮನೆಗಳು

ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್ ರಾಜ್ಯದಲ್ಲಿ, ಬರ್ಲಿಂಗ್ಟನ್ ಎಂಬ ನಗರದಲ್ಲಿ ನಮ್ಮ ಮಗಳು-ಅಳಿಯ ನೆಲೆಸಿದ್ದಾರೆ. ನಾನೂ ನನ್ನ ಧರ್ಮಪತ್ನಿಯೂ ಅವರಲ್ಲಿಗೆ ಹೋದದ್ದು ಮಾರ್ಚ್ ತಿಂಗಳಲ್ಲಿ. ನಮ್ಮ ಕಡೆ ಯುಗಾದಿಯ ಬಿಸಿಲು ಏರತೊಡಗುವ ಆ ಕಾಲದಲ್ಲಿ ಅಲ್ಲಿ ಇನ್ನೂ ಮೊಣಕಾಲುದ್ದ ಹಿಮ ಬಿದ್ದಿತ್ತು. ಎರಡನೆಯ ದಿನ ಬೆಳಿಗ್ಗೆ ಮಗಳು ದೋಸೆಯ ಮೇಲೆ ಕಂದುಬಣ್ಣದ ತೆಳುವಾದ ಪಾಕವೊಂದನ್ನು ಸುರಿದು ಕೊಟ್ಟಳು. ಜೋನಿಬೆಲ್ಲವೆಂದೇ ಭಾವಿಸಿ ಬಾಯಿಗಿಟ್ಟೆ. ಸಿಹಿ ಅದೇ ಬಗೆಯದು. ಆದರೆ ಅದರೊಳಗೆ ಕಾಡಿನ ಪರಿಮಳವೊಂದು ಬೆರೆತಿತ್ತು. “ಇದು ಕಬ್ಬಿನದಲ್ಲ ಅಪ್ಪಾಜಿ, ಮರದ ನೀರು ಕಾಯಿಸಿ ಮಾಡಿದ್ದು” ಎಂದು ಅವಳು ನಕ್ಕಳು.

ನಾನು ಹುಟ್ಟಿ ಬೆಳೆದದ್ದು ಮಹಾಲಿಂಗಪುರದ ಕಡೆಯ ಬೆಲ್ಲದ ಸೀಮೆಯಲ್ಲಿ. ನಮ್ಮ ತಂದೆಯವರಿಗೆ ಸ್ವಂತ ಆಲೆಮನೆಯಿತ್ತು. ಕೊಪ್ಪರಿಗೆಯ ಮುಂದೆ ರಾತ್ರಿಯೆಲ್ಲ ಕುಳಿತು ಅವರು ಇಳಿಸುತ್ತಿದ್ದ ಬೆಲ್ಲಕ್ಕೆ ಹೆಸರಿತ್ತು. ಬೆಲೆ ಮಾತ್ರ ಅವರ ಕೈಯಲ್ಲಿರಲಿಲ್ಲ. ಒಂದು ವರ್ಷ ಎಲ್ಲರ ಕಬ್ಬೂ ಚೆನ್ನಾಗಿ ಬಂದು ಪೇಟೆಯಲ್ಲಿ ಧಾರಣೆ ಕುಸಿಯಿತು. ಮಳೆ ಹಿಡಿದರೆ ಬೆಲ್ಲ ನೀರೊಡೆಯುತ್ತದೆ; ಕಾದಿಡಲು ಉಗ್ರಾಣವಿಲ್ಲ. ದಲಾಲಿ ಅಂಗಡಿಯವರು ಹೇಳಿದ ದರಕ್ಕೆ ಕೊಟ್ಟು ಬಂದ ತಂದೆಯವರು ಆ ರಾತ್ರಿ ಊಟ ಮಾಡಲಿಲ್ಲ. ಆದುದರಿಂದ ಈ ಮರದ ಬೆಲ್ಲದ ನಾಡಿನಲ್ಲಿ ಪಾಕ ಕಾಯಿಸುವ ಬಗೆಗಿಂತಲೂ, ಕಾಯಿಸಿದವನು ಬೆಲೆಯನ್ನು ಹೇಗೆ ಕಾಪಾಡಿಕೊಳ್ಳುತ್ತಾನೆ ಎಂಬುದನ್ನು ಅರಿಯುವ ಕುತೂಹಲವೇ ನನಗೆ ಹೆಚ್ಚಾಯಿತು.

ಆರು ವಾರಗಳ ಸುಗ್ಗಿ

ಮರುದಿನ ಅಳಿಯಂದಿರು ನಮ್ಮನ್ನು ಮ್ಯಾನ್ಸ್‌ಫೀಲ್ಡ್ ಬೆಟ್ಟದ ತಪ್ಪಲಿನ ಒಂದು ತೋಪಿಗೆ ಕರೆದೊಯ್ದರು. ಎಲೆಯುದುರಿ ಬೋಳಾಗಿ ನಿಂತ ಮೇಪಲ್ ಮರಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಗಳು ಬಲೆಯಂತೆ ಹರಡಿದ್ದವು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು: ಇವೆರಡೂ ಒಂದರ ಹಿಂದೊಂದು ಬಂದಾಗ ಮಾತ್ರ ಮರದಿಂದ ರಸ ಇಳಿಯುತ್ತದೆ. ಆ ಕಾಲ ನಾಲ್ಕರಿಂದ ಆರು ವಾರ. ಮೊಗ್ಗು ಬಿರಿಯತೊಡಗಿತೆಂದರೆ ರಸದ ರುಚಿ ಕೆಡುತ್ತದೆ, ಸುಗ್ಗಿ ಮುಗಿಯುತ್ತದೆ.

ರಸವನ್ನು ಬೊಗಸೆಯಲ್ಲಿ ಹಿಡಿದು ಕುಡಿದರೆ ನೀರೇ. ಸಿಹಿಯ ಸುಳಿವಷ್ಟೇ ತಿಳಿಯುತ್ತದೆ. ಅದರಲ್ಲಿರುವ ಸಕ್ಕರೆ ನೂರಕ್ಕೆ ಸುಮಾರು ಎರಡು ಪಾಲು. ಸುಮಾರು 40 ಲೀಟರ್ ರಸ ಬತ್ತಿದರೆ ಒಂದು ಲೀಟರ್ ಪಾಕ. ಮರಕ್ಕೆ ಸುಮಾರು ನಲವತ್ತು ವರ್ಷವಾಗುವವರೆಗೆ ಅದಕ್ಕೆ ತೂತು ಕೊರೆಯುವುದಿಲ್ಲ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊರೆಯುವ ಕಸುಬು ಇದು. 1998ರ ಜನವರಿಯಲ್ಲಿ ಬಿದ್ದ ಹಿಮಗಡ್ಡೆಯ ಮಳೆಗೆ ಕ್ವಿಬೆಕ್‌ನಲ್ಲಿಯೂ ವರ್ಮಾಂಟಿನಲ್ಲಿಯೂ ಅಸಂಖ್ಯ ಮರಗಳು ಮುರಿದು ಬಿದ್ದವು. ಅಂಥ ತೋಪು ಮತ್ತೆ ಎದ್ದು ನಿಲ್ಲಲು ಒಂದು ತಲೆಮಾರೇ ಬೇಕು.

ಈ ವಿದ್ಯೆಯನ್ನು ಬಿಳಿಯರು ಕಲಿತದ್ದು ಅಬೆನಾಕಿ ಮೊದಲಾದ ಮೂಲನಿವಾಸಿಗಳಿಂದ. ಪಾಕದ ಮನೆಯೊಳಗೆ ಕಾಲಿಟ್ಟಾಗ ಮುಖಕ್ಕೆ ಬಡಿದ ಸಿಹಿಹಬೆ, ಒಲೆಯ ಕೆಂಪು, ಹುಟ್ಟಿನಿಂದ ಇಳಿಯುವ ಪಾಕದ ಹದ ನೋಡುತ್ತಿದ್ದ ಮುದುಕ ಇವೆಲ್ಲ ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಒಯ್ದವು.

ನಂಬಿಕೆಯನ್ನು ಕಾಯುವ ಸಂಘ

ವರ್ಮಾಂಟಿನ ಮೇಪಲ್ ಸಕ್ಕರೆ ತಯಾರಕರ ಸಂಘ ಸ್ಥಾಪನೆಯಾದದ್ದು 1893ರಲ್ಲಿ. ಅಮೆರಿಕದ ಅತ್ಯಂತ ಹಳೆಯ ಕೃಷಿಕ ಸಂಘಗಳಲ್ಲಿ ಅದೂ ಒಂದು. ಅಗ್ಗದ ಗ್ಲುಕೋಸನ್ನು ಬೆರೆಸಿ ‘ಮೇಪಲ್’ ಎಂದು ಹೆಸರಿಟ್ಟು ಮಾರುವ ಕಲಬೆರಕೆ ಆ ಕಾಲದಲ್ಲಿ ಮಿತಿಮೀರಿತ್ತು. ಒಬ್ಬ ರೈತ ಎಷ್ಟೇ ಪ್ರಾಮಾಣಿಕನಾಗಿದ್ದರೂ, ಕೊಳ್ಳುವವನಿಗೆ ಡಬ್ಬಿಯ ಮೇಲೆ ನಂಬಿಕೆ ಹೋದರೆ ಅವನ ಪಾಕಕ್ಕೂ ಬೆಲೆ ಹೋಗುತ್ತದೆ. ಆ ನಂಬಿಕೆಯನ್ನು ಒಬ್ಬೊಬ್ಬರೇ ಕಾಯಲಾಗದು.

ಈ ಸಂಘ ಯಾರ ಪಾಕವನ್ನೂ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ಸದಸ್ಯರಾಗಲೇಬೇಕೆಂಬ ಕಟ್ಟಳೆಯೂ ಇಲ್ಲ. ಆದರೂ ಅದು ಮಾಡುವ ಕೆಲಸ ಸಣ್ಣದಲ್ಲ. ಚಳಿಗಾಲದಲ್ಲಿ ವಿಶ್ವವಿದ್ಯಾಲಯದವರೊಡನೆ ಸೇರಿ ತಯಾರಕರಿಗೆ ಪಾಠಗಳನ್ನು ಏರ್ಪಡಿಸುತ್ತದೆ. ಮಾರ್ಚ್ ತಿಂಗಳಲ್ಲಿ ಪಾಕದ ಮನೆಗಳ ಬಾಗಿಲನ್ನು ಜನರಿಗೆ ತೆರೆಯಿಸುತ್ತದೆ. ನಾವು ಹೋದದ್ದೂ ಅಂಥದೊಂದು ದಿನವೇ. ವರ್ಮಾಂಟಿನ ಕಾನೂನು ಪಾಕದ ಗಟ್ಟಿತನವನ್ನು ಬೇರೆಡೆಗಿಂತ ತುಸು ಹೆಚ್ಚಾಗಿ ಗೊತ್ತುಪಡಿಸಿದೆ. ಅದಕ್ಕಾಗಿ ಹೆಚ್ಚು ಸೌದೆ ಸುಡಬೇಕಾದರೂ ತಯಾರಕರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಆ ತಪ್ಪಲಿನ ಅಂಡರ್‌ಹಿಲ್ ಊರಿನಲ್ಲಿಯೇ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನ ಕೇಂದ್ರವಿದೆ. ಇದು 1946ರಲ್ಲಿ ಆರಂಭವಾಯಿತು. ಮರಕ್ಕೆ ನೋವಾಗದಂತೆ ಎಷ್ಟು ರಸ ತೆಗೆಯಬಹುದು, ತೂತು ಎಷ್ಟು ಚಿಕ್ಕದಾದರೆ ಗಾಯ ಬೇಗ ಮಾಯುತ್ತದೆ ಎಂಬುದನ್ನು ಇಂಥ ಕೇಂದ್ರಗಳು ಕಂಡುಹಿಡಿಯುತ್ತವೆ. ಸಂಘಗಳು ಅದನ್ನು ತೋಪು ತೋಪಿಗೆ ಮುಟ್ಟಿಸುತ್ತವೆ. ಹಿಂದೆ ಒಂದೊಂದು ಪ್ರಾಂತದಲ್ಲಿ ಪಾಕದ ದರ್ಜೆಗೆ ಒಂದೊಂದು ಹೆಸರಿದ್ದು ಕೊಳ್ಳುವವರು ಗೊಂದಲಪಡುತ್ತಿದ್ದರು. 1975ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೇಪಲ್ ಸಿರಪ್ ಸಂಸ್ಥೆಯ ದೀರ್ಘ ಪ್ರಯತ್ನದ ಫಲವಾಗಿ ಅಮೆರಿಕ, ಕೆನಡಾ ಎರಡೂ ದೇಶಗಳಲ್ಲಿ ಹೊಂಬಣ್ಣದಿಂದ ಕಡುಗಂದಿನವರೆಗೆ ನಾಲ್ಕು ದರ್ಜೆಗಳ ಒಂದೇ ಪದ್ಧತಿ ಬಂದಿತು. ವರ್ಮಾಂಟ್ ಅದನ್ನು 2014ರಲ್ಲಿಯೇ ಒಪ್ಪಿಕೊಂಡಿತ್ತು.

ಒಕ್ಕೂಟದ ಉಗ್ರಾಣ

ಅಲ್ಲಿಂದ ಗಡಿ ದಾಟಿ ಕೆನಡಾದ ಕ್ವಿಬೆಕ್ ಪ್ರಾಂತಕ್ಕೆ ಹೋದೆವು. ಜಗತ್ತಿನ ಮೇಪಲ್ ಪಾಕದಲ್ಲಿ ಸುಮಾರು ಶೇಕಡ 70ರಷ್ಟು ಅಲ್ಲಿಯೇ ತಯಾರಾಗುತ್ತದೆ. ಭಾಷೆ ಫ್ರೆಂಚ್. ಅಳಿಯಂದಿರ ಸಹೋದ್ಯೋಗಿಯೊಬ್ಬರ ತೌರುಮನೆ ಪ್ಲೆಸಿವಿಲ್ ಪಟ್ಟಣದ ಬಳಿ ಇದ್ದುದರಿಂದ ನಮಗೆ ಅಲ್ಲಿ ಆತಿಥ್ಯ ದೊರೆಯಿತು. ‘ಸಿಟಡೆಲ್’ ಎಂಬ ಸಹಕಾರಿ ಸಂಘದ ಕೇಂದ್ರ ಈ ಪಟ್ಟಣದಲ್ಲಿದೆ. 1925ರಲ್ಲಿ ಸಿರಿಲ್ ವೈಯಾಂಕೂರ್ ಎಂಬವರ ಮುಂದಾಳ್ತನದಲ್ಲಿ ಮೇಪಲ್ ರೈತರು ತಮ್ಮ ಸಕ್ಕರೆಯನ್ನು ತಾವೇ ಒಟ್ಟಾಗಿ ಮಾರಲು ಕಟ್ಟಿಕೊಂಡ ಸಂಘವದು.

ಅದಕ್ಕಿಂತಲೂ ಬಲವಾದುದು 1966ರಲ್ಲಿ ಆರಂಭವಾದ ಕ್ವಿಬೆಕ್ ಮೇಪಲ್ ಉತ್ಪಾದಕರ ಒಕ್ಕೂಟ. ಇದರ ರೀತಿ ವರ್ಮಾಂಟಿಗಿಂತ ತೀರ ಬೇರೆ. ಕಾನೂನೇ ಇದಕ್ಕೆ ಅಧಿಕಾರ ಕೊಟ್ಟಿದೆ. ರೈತನು ಸಣ್ಣ ಡಬ್ಬಿಗಳಲ್ಲಿ ತನ್ನ ಮನೆಬಾಗಿಲಲ್ಲಿ ಗ್ರಾಹಕರಿಗೆ ಮಾರಿಕೊಳ್ಳಬಹುದು. ಪೀಪಾಯಿಗಟ್ಟಲೆ ಮಾರುವ ಪಾಕ ಮಾತ್ರ ಒಕ್ಕೂಟದ ವ್ಯವಸ್ಥೆಯ ಮೂಲಕವೇ ಹೋಗಬೇಕು. ದರವನ್ನು ಖರೀದಿದಾರರೊಡನೆ ಒಕ್ಕೂಟವೇ ಚರ್ಚಿಸಿ ನಿಗದಿಮಾಡುತ್ತದೆ. ಪ್ರತಿಯೊಂದು ಪೀಪಾಯಿಯನ್ನೂ ಪರೀಕ್ಷಕರು ತೆರೆದು, ಬಣ್ಣ ನೋಡಿ, ರುಚಿ ನೋಡಿ ದರ್ಜೆ ಬರೆಯುತ್ತಾರೆ.

2000ದಲ್ಲಿ ಒಕ್ಕೂಟವು ಮೀಸಲು ದಾಸ್ತಾನನ್ನು ಆರಂಭಿಸಿತು. ಫಸಲು ಹೆಚ್ಚಿದ ವರ್ಷ ಉಳಿದ ಪಾಕವನ್ನು ಹದವಾಗಿ ಕಾಯಿಸಿ, ಪೀಪಾಯಿಗಳಲ್ಲಿ ತುಂಬಿ ಉಗ್ರಾಣಕ್ಕೆ ಸೇರಿಸುವುದು; ಫಸಲು ಕೈಕೊಟ್ಟ ವರ್ಷ ತೆಗೆದು ಮಾರುವುದು. ಲೋರಿಯೆವಿಲ್ ಎಂಬ ಊರಿನಲ್ಲಿರುವ ದೊಡ್ಡ ಉಗ್ರಾಣವನ್ನು ಹೊರಗಿನಿಂದ ನೋಡಿದೆವು. 2021ರಲ್ಲಿ ವಸಂತ ಬೇಗ ಬಿಸಿಯಾಗಿ ಸುಗ್ಗಿ ಮೊಟಕಾಯಿತು, ಇತ್ತ ಬೇಡಿಕೆ ಏರಿತು. ಆಗ ಒಕ್ಕೂಟ ದಾಸ್ತಾನಿನ ಸುಮಾರು ಅರ್ಧವನ್ನು, ಎಂದರೆ 5 ಕೋಟಿ ಪೌಂಡ್ ಪಾಕವನ್ನು, ಹೊರತೆಗೆಯಿತು. 2023ರಲ್ಲಿ ಮತ್ತೆ ಫಸಲು ಕುಗ್ಗಿದಾಗ ಉಗ್ರಾಣ ಬಹುಮಟ್ಟಿಗೆ ಬರಿದಾಯಿತು. 2024ರ ಸಮೃದ್ಧ ಸುಗ್ಗಿ ಪರಿಸ್ಥಿತಿಯನ್ನು ಸುಧಾರಿಸಿತು.

ಇಂಥ ಉಗ್ರಾಣಕ್ಕೆ ಕಳ್ಳರ ಕಣ್ಣೂ ಬಿದ್ದಿತ್ತು. ಸೇಂಟ್ ಲೂಯಿ ದ ಬ್ಲಾಂಡ್‌ಫರ್ಡ್ ಎಂಬಲ್ಲಿ ಬಾಡಿಗೆಗೆ ಪಡೆದಿದ್ದ ಗೋದಾಮಿನಿಂದ 2011-12ರಲ್ಲಿ ಸುಮಾರು 1 ಕೋಟಿ 80 ಲಕ್ಷ ಡಾಲರ್ ಬೆಲೆಯ ಪಾಕ ಮಾಯವಾಯಿತು. ಕಳ್ಳರು ಪಾಕ ಬಸಿದುಕೊಂಡು ಕೆಲವು ಪೀಪಾಯಿಗಳಿಗೆ ನೀರು ತುಂಬಿಟ್ಟಿದ್ದರು. 2012ರ ಬೇಸಿಗೆಯಲ್ಲಿ ಲೆಕ್ಕ ತೆಗೆಯಲು ಬಂದವರು ಮೇಲಕ್ಕೆ ಹತ್ತಿದಾಗ ಖಾಲಿ ಪೀಪಾಯಿ ಅಲುಗಾಡಿ ಗುಟ್ಟು ರಟ್ಟಾಯಿತು. ಅಪರಾಧಿಗಳಿಗೆ ಶಿಕ್ಷೆಯಾಯಿತು, ಮುಖ್ಯ ಅಪರಾಧಿ 90 ಲಕ್ಷ ಡಾಲರಿಗೂ ಮೀರಿದ ದಂಡ ತೆರಬೇಕೆಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು.

ಊಟದ ಮೇಜಿನ ಮಾತು

ಆ ರಾತ್ರಿ ನಮ್ಮ ಆತಿಥೇಯರ ಮನೆಯಲ್ಲಿ ತಂದೆಗೂ ಮಗನಿಗೂ ಇದೇ ವಿಷಯವಾಗಿ ವಾದ ನಡೆಯಿತು. ಅಳಿಯಂದಿರು ಅದನ್ನು ನಮಗೆ ಕನ್ನಡದಲ್ಲಿ ತಿಳಿಸುತ್ತಿದ್ದರು. ತಂದೆ ಎಪ್ಪತ್ತು ದಾಟಿದವರು. ಪಾಕ ಹೆಚ್ಚಾದ ವರ್ಷಗಳಲ್ಲಿ ಖರೀದಿದಾರರು ಹೇಳಿದ್ದೇ ಬೆಲೆಯಾಗಿದ್ದ ಕಾಲವನ್ನು ಕಂಡವರು. ಈಗ ಮಾರ್ಚ್ ಬಂದಾಗ ದರವೆಷ್ಟೆಂಬುದು ತಮಗೆ ಮೊದಲೇ ಗೊತ್ತಿರುತ್ತದೆ, ಬ್ಯಾಂಕಿನವರು ಸಾಲ ಕೊಡುತ್ತಾರೆ, ಮಗ ಊರಲ್ಲಿಯೇ ಉಳಿದಿರುವುದೂ ಅದರಿಂದಲೇ ಎಂಬುದು ಅವರ ವಾದ.

ಮಗನ ದೂರು ಬೇರೆ. 2004ರಲ್ಲಿ ಒಕ್ಕೂಟ ಪ್ರತಿ ತೋಪಿಗೂ ಕೋಟಾ ಗೊತ್ತುಮಾಡಿತು. ಮರ ತನ್ನದು, ಬೆವರು ತನ್ನದು. ಹೆಚ್ಚು ಪಾಕ ಇಳಿಸಿದರೆ ಅದು ಉಗ್ರಾಣ ಸೇರಿ ಮಾರಾಟವಾಗುವವರೆಗೆ ಹಣಕ್ಕೆ ಕಾಯಬೇಕು. ಹೊಸದಾಗಿ ಮರ ಕೊರೆಯಬೇಕಾದರೆ ಅಪ್ಪಣೆ ಬೇಕು. ಒಕ್ಕೂಟವನ್ನು ತಪ್ಪಿಸಿ ಹೊರಪ್ರಾಂತಕ್ಕೆ ಮಾರಿದವರು ದಂಡ ತೆತ್ತದ್ದೂ, ವರ್ಷಗಟ್ಟಲೆ ನ್ಯಾಯಾಲಯ ಅಲೆದದ್ದೂ ಉಂಟು. ಗಡಿಯಾಚೆ ವರ್ಮಾಂಟಿನವರಿಗೆ ಈ ಬಂಧನವಿಲ್ಲ. ಇಲ್ಲಿ ಕಟ್ಟಿ ನಿಲ್ಲಿಸಿದ ಬೆಲೆಯ ಲಾಭ ಅವರಿಗೂ ಸಿಗುತ್ತದೆ ಎಂಬುದು ಅವನ ಕೊರಗು. ಬೇಡಿಕೆ ಹೆಚ್ಚಿದ್ದರಿಂದ 2021ರಲ್ಲಿ ಒಕ್ಕೂಟ 70 ಲಕ್ಷ ಹೊಸ ತೂತುಗಳಿಗೆ ಅವಕಾಶ ಕೊಟ್ಟಿತೆಂದು ತಂದೆ ನೆನಪಿಸಿದರು. ಅದನ್ನು ಒಕ್ಕೂಟ ಕೊಟ್ಟಾಗಲೇ ಏಕೆ ಪಡೆಯಬೇಕು ಎಂದು ಮಗ ಕೇಳಿದ.

ನನ್ನ ಮನಸ್ಸು ಸಹಜವಾಗಿಯೇ ಮುದುಕರ ಕಡೆಗಿತ್ತು. ಮಲಗುವ ಕೋಣೆಗೆ ಬಂದ ಮೇಲೆ ನನ್ನಾಕೆಗೆ ಹಾಗೆಂದೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನವರು ಉಗ್ರಾಣವಿದ್ದಿದ್ದರೆ ಸಂತೋಷಪಡುತ್ತಿದ್ದರು, ನಿಜ. ಆದರೆ ಇಷ್ಟೇ ಬೆಲ್ಲ ಮಾಡಬೇಕು ಎಂದು ಯಾರಾದರೂ ಅವರಿಗೆ ಹೇಳಿದ್ದರೆ ಕೇಳುತ್ತಿದ್ದರೇ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯವರ ಸ್ವಭಾವ ಆಕೆಗೂ ಗೊತ್ತು.

ಬೆಳಿಗ್ಗೆ ಹೊರಡುವಾಗ ಆ ಮನೆಯವರು ಎರಡು ಡಬ್ಬಿ ಪಾಕ ಕೊಟ್ಟರು. ತಂದೆ ಕೊಟ್ಟದ್ದು ಹೊಂಬಣ್ಣದ್ದು, ಸುಗ್ಗಿಯ ಮೊದಲ ವಾರದ್ದು. ಮಗ ಕೊಟ್ಟದ್ದು ಕಡುಗಂದಿನದು, ತಾನೇ ಕಾಯಿಸಿದ್ದು. ಹೊರಗೆ ರಾತ್ರಿಯ ಮಂಜು ಕರಗುತ್ತಿತ್ತು. ಹಿಂದಿನ ಸಂಜೆ ಅಷ್ಟು ಗಟ್ಟಿಯಾಗಿ ವಾದಿಸಿದ್ದ ಇಬ್ಬರೂ ಒಂದೇ ನಳಿಕೆಯ ಎರಡು ಕಡೆ ನಿಂತು, ಅಳಿಲು ಕಚ್ಚಿ ತೂತು ಮಾಡಿದ್ದ ಜಾಗವನ್ನು ಸರಿಪಡಿಸುತ್ತಿದ್ದರು. ಇಳಿಯುವ ರಸ ನಿಲ್ಲುವಂತಿರಲಿಲ್ಲ. ಸುಗ್ಗಿಯ ದಿನಗಳು ಇನ್ನು ಹೆಚ್ಚು ಉಳಿದಿರಲಿಲ್ಲ.