ಗೌರಸಮುದ್ರದಲ್ಲಿ ಕಲಿತ ಕ್ಯಾಚಿನ ಲೆಕ್ಕ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳುಕಿನ ಕಡೆ ಸಾಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನೋಡಲು ಬೇಕಾದಷ್ಟಿದೆ. ಎರಡೂ ಬದಿ ಶೇಂಗಾ ಹೊಲ, ನಡುನಡುವೆ ಈರುಳ್ಳಿ, ಅದರಾಚೆ ಕುರಿ ಮಂದೆ, ಮತ್ತೂ ಆಚೆ ಬೋಳು ಗುಡ್ಡಗಳ ಸಾಲು. ತ.ರಾ.ಸು. ಅವರ ಹೆಸರಿನ ಮೊದಲಕ್ಷರ 'ತ' ಇದೇ ತಳುಕಿನದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಂಥ ಸೀಮೆಯಲ್ಲಿ ಒಂದು ಊರಿನ ಹೆಸರು ಗೌರಸಮುದ್ರ!

ಹೊಸಬರು ಈ ಹೆಸರು ಕೇಳಿ ನಗುತ್ತಾರೆ. ನಗಬೇಕಾಗಿಲ್ಲ. ನಮ್ಮ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದವರು. ನೀರಿಗೆ ಬರವಿರುವ ಕಡೆ ನೀರಿನ ಮೇಲೆ ಗೌರವ ಹೆಚ್ಚು. ಈ ಊರನ್ನು ನಾಡಿಗೆ ಪರಿಚಯಿಸಿರುವುದು ಮಾತ್ರ ಇಲ್ಲಿನ ಮಾರಮ್ಮನ ಜಾತ್ರೆ. ಭಾದ್ರಪದದಲ್ಲಿ ನಡೆಯುವ ಆ ಜಾತ್ರೆಗೆ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಆಂಧ್ರದ ಕಡೆಯವರೂ ಬರುತ್ತಾರೆ. ಹರಕೆ ಹೊತ್ತವರು ತಮ್ಮ ಹೊಲದ ಈರುಳ್ಳಿಯನ್ನು ತಂದು ದೇವಿಯತ್ತ ತೂರುತ್ತಾರೆ. ಕನ್ನಡ ತೆಲುಗು ಎರಡೂ ಬೆರೆತ ಆ ಗದ್ದಲದಲ್ಲಿ ಒಮ್ಮೆ ನಿಂತವರು ಅದನ್ನು ಮರೆಯುವುದಿಲ್ಲ.

ಆದರೆ ನಾನು ಹೇಳಹೊರಟಿರುವುದು ಜಾತ್ರೆಯ ವಿಷಯವಲ್ಲ. ಜಾತ್ರೆ ಮುಗಿದು ತಿಂಗಳ ಮೇಲೆ, ದಸರೆ ರಜೆಯಲ್ಲಿ, ಆ ಊರಾಚೆಯ ಬೀಳು ನೆಲದಲ್ಲಿ ಹುಡುಗರು ಆಡಿದ ಟೆನಿಸ್ ಚೆಂಡಿನ ಕ್ರಿಕೆಟ್ಟಿನ ವಿಷಯ. ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ಮೇಷ್ಟರು ಮಾಡಬಾರದಿದ್ದ ತಪ್ಪು ಅದು.

2024ರ ದಸರೆ. ಹಳೆಯ ಶಿಷ್ಯನೊಬ್ಬ ಬಂದು, "ಸಾರ್, ಮೂರು ದಿನದ ಪಂದ್ಯ ಇಟ್ಟೀವಿ, ಬಹುಮಾನ ನೀವೇ ಕೊಡ್ಬೇಕು" ಎಂದು ಕರೆದೊಯ್ದಿದ್ದ. ಬಹುಮಾನಗಳಲ್ಲಿ ಒಂದು, ಉತ್ತಮ ಕ್ಷೇತ್ರರಕ್ಷಕನಿಗೆ ಒಂದು ಸ್ಟೀಲ್ ಡಬ್ಬಿ. ಯಾರಿಗೆ ಕೊಡುವುದು ಎಂಬ ಪ್ರಶ್ನೆ ಬಂದಾಗ ನಾನು ಸ್ಕೋರ್ ಪುಸ್ತಕ ತರಿಸಿ ಕ್ಯಾಚುಗಳನ್ನು ಎಣಿಸಿದೆ. ವಿಕೆಟ್ ಕೀಪರ್ ಹುಡುಗನ ಹೆಸರಿನ ಮುಂದೆ ಎಂಟು ಇತ್ತು. ಡಬ್ಬಿ ಅವನ ಕೈಗೆ ಹೋಯಿತು. ಚಪ್ಪಾಳೆಯೂ ಆಯಿತು.

ಹೊರಡುವಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದ. ಮೂರು ದಿನವೂ ದೂರದ ಗೆರೆಯ ಬಳಿ ಜಾಲಿ ಗಿಡದ ಪಕ್ಕ ನಿಂತು ಆಡಿದವನು. "ನನ್ನ ಕಡೆ ಬಂದಿದ್ದೇ ಎರಡು ಸಾರ್. ಎರಡೂ ಹಿಡ್ದೆ" ಎಂದ. ದೂರಿನ ದನಿಯಲ್ಲ, ಸುಮ್ಮನೆ ಲೆಕ್ಕ ಒಪ್ಪಿಸುವ ದನಿ. ನಾನು ಬೆನ್ನು ತಟ್ಟಿ, "ಮುಂದಿನ ಸಲ ಜಾಸ್ತಿ ಹಿಡಿಯಪ್ಪ" ಎಂದೆ. ಆ ಮಾತಿಗೆ ಅರ್ಥವೇ ಇಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವನ ತಂದೆ ಅಲ್ಲೇ ಬೇವಿನ ಮರದಡಿ ಕುಳಿತಿದ್ದರು. "ಮೇಷ್ಟ್ರೇ, ಮಳೆ ಬಿದ್ದ ಹೊಲಕ್ಕೂ ಬೀಳದ ಹೊಲಕ್ಕೂ ಒಂದೇ ಕೊಳಗದಾಗೆ ಅಳೆದಂಗಾತು" ಎಂದು ನಕ್ಕರು. ಆ ಹುಡುಗ ಆಮೇಲೆ ಆಟಕ್ಕೆ ಬರುವುದನ್ನೇ ಬಿಟ್ಟನೆಂದು ದೀಪಾವಳಿಯ ಹೊತ್ತಿಗೆ ನನ್ನ ಶಿಷ್ಯ ಹೇಳಿದ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುಳಿತು ನಮ್ಮ ಕಾಲದ ದೊಡ್ಡವರ ಲೆಕ್ಕ ತೆಗೆದೆ.

ಸೈಯದ್ ಕಿರ್ಮಾನಿ ನಮ್ಮ ರಾಜ್ಯದ ಹೆಮ್ಮೆಯ ವಿಕೆಟ್ ಕೀಪರ್. 1976ರಿಂದ 1986ರವರೆಗೆ 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್. ಮುಂದೆ ಬಂದ ಮಹೇಂದ್ರ ಸಿಂಗ್ ಧೋನಿ 90 ಟೆಸ್ಟ್‌ಗಳಲ್ಲಿ 256 ಕ್ಯಾಚ್, 38 ಸ್ಟಂಪಿಂಗ್. ಪಂದ್ಯಗಳು ಹೆಚ್ಚುಕಡಿಮೆ ಸಮ, ಸ್ಟಂಪಿಂಗ್ ಪೂರಾ ಸಮ, ಕ್ಯಾಚುಗಳಲ್ಲಿ ಮಾತ್ರ 96ರ ಅಂತರ! ನನ್ನ ಗೌರಸಮುದ್ರದ ಲೆಕ್ಕದ ಪ್ರಕಾರ ಧೋನಿ ಕೈ ಗಟ್ಟಿ, ಕಿರ್ಮಾನಿ ಕೈ ಸಡಿಲ ಎನ್ನಬೇಕಾಗುತ್ತದೆ. ಕಿರ್ಮಾನಿಯ ಆಟ ಕಂಡವರು ಯಾರೂ ಹಾಗೆನ್ನಲಾರರು.

ವ್ಯತ್ಯಾಸವಿದ್ದದ್ದು ಬಹುಮಟ್ಟಿಗೆ ಬೌಲಿಂಗಿನಲ್ಲಿ. ಕಿರ್ಮಾನಿ ತಂಡಕ್ಕೆ ಬಂದಾಗ ಭಾರತದ ಬಲವೆಲ್ಲ ಸ್ಪಿನ್ನರುಗಳಲ್ಲಿತ್ತು. ನಮ್ಮವರೇ ಆದ ಪ್ರಸನ್ನ, ಚಂದ್ರಶೇಖರ್, ಜೊತೆಗೆ ಬೇಡಿ, ವೆಂಕಟರಾಘವನ್. ಹೊಸ ಚೆಂಡಿನ ಹೊಳಪು ಹೋಗುವವರೆಗೆ ನಾಲ್ಕಾರು ಓವರ್ ಹಾಕಿಸಿ ಚೆಂಡನ್ನು ಇವರ ಕೈಗೆ ಕೊಡುತ್ತಿದ್ದ ಕಾಲ ಅದು. ಸ್ಪಿನ್ನರ ಕ್ಯಾಚುಗಳಲ್ಲಿ ಬಹುಪಾಲು ಬ್ಯಾಟಿನ ಸುತ್ತ ಬಾಗಿ ನಿಂತವರಿಗೆ ಹೋಗುತ್ತವೆ. ಏಕನಾಥ ಸೋಲ್ಕರ್ ಬರೇ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದದ್ದು ಹಾಗೆ ನಿಂತೇ. ವೇಗದ ಬೌಲರುಗಳು ಹೆಚ್ಚಿದಂತೆ ಚೆಂಡು ಬ್ಯಾಟಿನ ಅಂಚು ಸವರಿ ನೇರ ಹಿಂದಕ್ಕೆ, ಕೀಪರನತ್ತ ಹಾರತೊಡಗಿತು. ಧೋನಿ ನಿಂತದ್ದು ಆ ಕಾಲದಲ್ಲಿ.

ಇಲ್ಲಿ ವಿಜ್ಞಾನದ ಒಂದು ಮಾತಿದೆ. ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಗೆಳೆಯನೊಬ್ಬ 30 ಸೆಂಟಿಮೀಟರಿನ ಸ್ಕೇಲನ್ನು ನೆಟ್ಟಗೆ ಇಳಿಬಿಟ್ಟು ಹಿಡಿದಿರಲಿ. ಕೆಳತುದಿಯ ಸೊನ್ನೆಯ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವನು ಹೇಳದೆ ಸ್ಕೇಲು ಬಿಟ್ಟಾಗ ನೀವು ಹಿಡಿಯಬೇಕು. ಸಾಮಾನ್ಯವಾಗಿ 20 ಸೆಂಟಿಮೀಟರಿನ ಆಸುಪಾಸಿನಲ್ಲಿ ಹಿಡಿಯುತ್ತೀರಿ. ವಸ್ತು ಅಷ್ಟು ಬೀಳಲು ಬೇಕಾದ ಸಮಯ ಸುಮಾರು 0.2 ಸೆಕೆಂಡ್. ಕಣ್ಣು ಕಂಡು, ಮಿದುಳು ತಿಳಿದು, ಕೈ ಕದಲಲು ಮನುಷ್ಯನಿಗೆ ಹಿಡಿಯುವ ಹೊತ್ತು ಇದೇ.

ಈಗ ಮೈದಾನಕ್ಕೆ ಬನ್ನಿ. ವೇಗದ ಬೌಲರನಿಗೆ ಕೀಪರ್ 15 ಮೀಟರ್ ಹಿಂದೆ ನಿಂತಿದ್ದಾನೆ ಎನ್ನೋಣ. ಚೆಂಡು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬ್ಯಾಟಿನ ಅಂಚು ಸವರಿ ಬಂದರೂ ಅವನಿಗೆ 0.45 ಸೆಕೆಂಡ್ ಸಿಗುತ್ತದೆ. ಕಾಣಲು ಸಮಯವಿದೆ, ಹಾರಲೂ ಇದೆ. ಸ್ಪಿನ್ನರನಿಗೆ ಸ್ಟಂಪಿನ ಬೆನ್ನಿಗೇ ಕೂತ ಕೀಪರನಿಗೂ ಬ್ಯಾಟಿಗೂ ಒಂದೂವರೆ ಮೀಟರ್ ಅಂತರ. ಚೆಂಡು ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಬಂದರೆ ಸಿಗುವುದು 0.08 ಸೆಕೆಂಡ್. ಅಷ್ಟರಲ್ಲಿ ನಿಮ್ಮ ಸ್ಕೇಲು ಮೂರು ಸೆಂಟಿಮೀಟರ್ ಜಾರಿರುತ್ತದೆ, ಅಷ್ಟೆ. ಅಂದರೆ ಬ್ಯಾಟಿಗೆ ತಾಗಿದ್ದನ್ನು ನೋಡಿ ಹಿಡಿಯಲು ಆಗುವುದೇ ಇಲ್ಲ. ಕೈ ಮೊದಲೇ ಸರಿಯಾದ ಜಾಗದಲ್ಲಿರಬೇಕು. ಸ್ಕೋರ್ ಪುಸ್ತಕದಲ್ಲಿ ಮಾತ್ರ ಎರಡಕ್ಕೂ 'ಒಂದು ಕ್ಯಾಚ್' ಎಂದೇ ಬರೆಯುತ್ತಾರೆ.

ಹಿಡಿಯುವವನ ಅಂಕಿ ಎಸೆಯುವವನಿಂದಲೂ ಬರುತ್ತದೆ ಎಂಬುದಕ್ಕೆ ರಾಹುಲ್ ದ್ರಾವಿಡ್ ಇನ್ನೊಂದು ಸಾಕ್ಷಿ. 164 ಟೆಸ್ಟ್‌ಗಳಲ್ಲಿ ಅವರು ಹಿಡಿದ 210 ಕ್ಯಾಚುಗಳಲ್ಲಿ 55 ಅನಿಲ್ ಕುಂಬ್ಳೆ ಅವರ ಬೌಲಿಂಗಿನಲ್ಲಿ, 51 ಹರ್ಭಜನ್ ಬೌಲಿಂಗಿನಲ್ಲಿ. ಅರ್ಧದಷ್ಟು ಇಬ್ಬರ ಕೊಡುಗೆ! ಆ ದಾಖಲೆಯನ್ನು 2025ರ ಜುಲೈನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋ ರೂಟ್ ದಾಟಿದರು. ಅಂದು ಅವರಿಗೆ ಕ್ಯಾಚಿತ್ತವರೂ ಕರ್ನಾಟಕದ ಕರುಣ್ ನಾಯರ್ ಎಂಬುದು ತಮಾಷೆ.

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಚಿಕ್ಕಪ್ಪ, ಇಲ್ಲಿನ ಫುಟ್‌ಬಾಲಿನಲ್ಲೂ ಇದೇ ಜಗಳ" ಎಂದ. ಅವರ ಫುಟ್‌ಬಾಲ್ ಬಹುಮಟ್ಟಿಗೆ ಕೈಯಲ್ಲೇ ಆಡುವ ಆಟ. ಒಬ್ಬ ಹಿಂದೆ ನಿಂತು ಚೆಂಡನ್ನು ದೂರಕ್ಕೆ ಎಸೆಯುತ್ತಾನೆ, 'ವೈಡ್ ರಿಸೀವರ್' ಎಂಬುವನು ಅಂಚಿನಲ್ಲಿ ಓಡಿ ಹೋಗಿ ಹಿಡಿಯುತ್ತಾನೆ. ಮೊದಲು ಚೆಂಡನ್ನು ಎದೆಗವಚಿಕೊಂಡು ನುಗ್ಗುವುದೇ ಹೆಚ್ಚಾಗಿತ್ತು. 1978ರಲ್ಲಿ ಒಂದು ನಿಯಮ ಬಂತು: ಐದು ಗಜ ದಾಟಿದ ರಿಸೀವರನನ್ನು ಎದುರಾಳಿ ತಡೆದು ತಳ್ಳುವಂತಿಲ್ಲ. ಅದೇ ವರ್ಷ ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು, 2021ರಲ್ಲಿ 17 ಆದವು. ಎಸೆತ ಹೆಚ್ಚಿತು, ಹಿಡಿಯುವವರ ಅಂಕಿಗಳೂ ಏರಿದವು.

2012ರಲ್ಲಿ ಡೆಟ್ರಾಯಿಟ್ ತಂಡದ ಕಾಲ್ವಿನ್ ಜಾನ್ಸನ್ 1,964 ಗಜಗಳ ದಾಖಲೆ ಬರೆದ. ಆ ವರ್ಷ ಅವನ ತಂಡದ ಎಸೆತಗಾರ ಎಸೆದದ್ದು 727 ಸಲ, ಅದೂ ಆಗಿನ ಕಾಲಕ್ಕೆ ದಾಖಲೆಯೇ ಆಗಿತ್ತು. ತಂಡ ಗೆದ್ದದ್ದು ಮಾತ್ರ 16ರಲ್ಲಿ 4 ಪಂದ್ಯ! ಹಿಂದೆ ಬಿದ್ದ ತಂಡ ಬೇಗ ಮುಂದೆ ಬರಲು ಎಸೆತವನ್ನೇ ನೆಚ್ಚಬೇಕಾಗುತ್ತದೆ. 2021ರಲ್ಲಿ ಕೂಪರ್ ಕುಪ್ 1,947 ಗಜ ಗಳಿಸಿದ, ಆದರೆ 17 ಪಂದ್ಯಗಳಲ್ಲಿ. ಪಂದ್ಯಕ್ಕೆ ಭಾಗಿಸಿದರೆ ಒಬ್ಬನದು 122ಕ್ಕೂ ಹೆಚ್ಚು, ಇನ್ನೊಬ್ಬನದು 114ಕ್ಕೂ ಹೆಚ್ಚು. ಹದಿನೇಳು ಗಜದ ಅಂತರ ದೊಡ್ಡದಲ್ಲ, ಆದರೆ ಭಾಗಿಸಿದೊಡನೆ ಪ್ರತಿ ಪಂದ್ಯಕ್ಕೂ ಎಂಟು ಗಜದ ಅಂತರ ಕಾಣುತ್ತದೆ.

ನಮ್ಮ ಜಿಲ್ಲೆಯವರಿಗೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರವಿದೆ. 1907ರಲ್ಲಿ ಮುಗಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಆಮೇಲೆ 2025ರಲ್ಲೇ ಇನ್ನೊಮ್ಮೆ ತುಂಬಿತು. ನಡುವಿನ 89 ವರ್ಷ ಕಟ್ಟೆ ಸೋಮಾರಿಯಾಗಿ ಕೂತಿತ್ತೇ? ಇಲ್ಲ. ಬಂದಷ್ಟನ್ನು ಹಿಡಿದು ನಿಂತಿತ್ತು. ಅಳತೆಗಂಬ ತೋರಿಸುವುದು ಬಂದ ನೀರನ್ನು. ಕಟ್ಟೆಯ ಗಟ್ಟಿತನವನ್ನಲ್ಲ.

ಹೀಗೆ ಯೋಚಿಸಿಯೇ 2025ರ ದಸರೆಗೆ ನಾನು ಗೌರಸಮುದ್ರದ ಬಸ್ಸು ಹತ್ತಿದ್ದು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್. ಪ್ರತಿ ಹುಡುಗನ ಹೆಸರಿನ ಮುಂದೆ ಎರಡು ಕಲಂ: 'ಬಂದದ್ದು', 'ಹಿಡಿದದ್ದು'. ಹಿಂದಿನ ವಾರವೇ ಆ ಹುಡುಗನ ಮನೆಗೆ ಹೇಳಿ ಕಳಿಸಿದ್ದೆ: ಮೇಷ್ಟರ ಲೆಕ್ಕ ತಪ್ಪಾಗಿತ್ತು, ಒಮ್ಮೆ ಬರಬೇಕಂತೆ ಎಂದು. ಬಂದಿದ್ದ. ಮೀಸೆ ಚಿಗುರಿತ್ತು. ಮತ್ತದೇ ಜಾಲಿ ಗಿಡದ ಪಕ್ಕ ನಿಲ್ಲಿಸಿದ್ದರು.

ಮೂರನೇ ದಿನ ಕೂಡಿಸಿ ನೋಡಿದೆ. ಕೀಪರನಿಗೆ ಬಂದದ್ದು ಒಂಬತ್ತು, ಹಿಡಿದದ್ದು ಏಳು. ಇವನಿಗೆ ಬಂದದ್ದು ನಾಲ್ಕು, ಹಿಡಿದದ್ದು ಮೂರು. ಶೇಕಡಾ 78 ಮತ್ತು 75. ನಿಜ ಹೇಳಬೇಕೆಂದರೆ ನನಗೆ ಕೊಂಚ ನಿರಾಸೆಯಾಯಿತು. ಇವನೇ ಮುಂದಿರಲಿ ಎಂದು ಮನಸ್ಸು ಬಯಸಿತ್ತು. ಆದರೆ ಲೆಕ್ಕ ಮೇಷ್ಟರ ಮನಸ್ಸು ನೋಡಿ ಬರುವುದಿಲ್ಲವಲ್ಲ! ಅಲ್ಲದೆ ನಾಲ್ಕೇ ಚೆಂಡಿನ ಮೇಲೆ ತೀರ್ಪು ಕೊಡುವುದೂ ತಪ್ಪೇ. ಒಂದು ಕ್ಯಾಚು ಅತ್ತಿತ್ತಾದರೆ 75 ನೂರಾಗುತ್ತದೆ, ಇಲ್ಲವೇ ಐವತ್ತಾಗುತ್ತದೆ.

ತಂಡದ ನಾಯಕ ಇನ್ನೊಂದು ಮಾತು ತೆಗೆದ. "ಸಾರ್, ಚೆಂಡು ಜಾಸ್ತಿ ಬರೋ ಕಡೆ ಒಳ್ಳೆ ಕೈ ಇರೋನನ್ನೇ ನಿಲ್ಲಿಸ್ತೀವಿ. ಸುಮ್‌ಸುಮ್ನೆ ಕೀಪರ್ ಮಾಡ್ತೀವಾ?" ಒಪ್ಪಬೇಕಾದ ಮಾತು. ದ್ರಾವಿಡ್ ಸ್ಲಿಪ್ಪಿನಲ್ಲಿ ನಿಂತದ್ದು ಪುಣ್ಯವಶದಿಂದಲ್ಲ. ಅವಕಾಶ ಸಿಗುವುದರಲ್ಲೂ ಅರ್ಹತೆಯ ಪಾಲಿದೆ. ಆದರೆ ಜಾಲಿ ಗಿಡದ ಪಕ್ಕ ನಿಂತವನ ಅರ್ಹತೆಯನ್ನು ಅಲ್ಲೇ ನಿಲ್ಲಿಸಿ ತಿಳಿಯುವುದು ಹೇಗೆ? ಇಷ್ಟನ್ನೇ ನಾಯಕನನ್ನು ಕೇಳಿದೆ.

ಅವನು ತಲೆ ಕೆರೆದುಕೊಂಡ. ಕೊನೆಯ ಪಂದ್ಯದ ಕೊನೆ ಐದು ಓವರಿಗೆ ಹುಡುಗನನ್ನು ಹತ್ತಿರಕ್ಕೆ, ಪಾಯಿಂಟಿಗೆ ಕರೆಸಿದ. ಎರಡು ಚೆಂಡು ಬಂದವು. ಒಂದನ್ನು ಬಿಟ್ಟ. ಇನ್ನೊಂದನ್ನು ಎಡಗೈಯಲ್ಲಿ ನೆಲದಿಂದ ಗೇಣೆತ್ತರದಲ್ಲಿ ಹಿಡಿದ. ಬೇವಿನ ಮರದಡಿಯಿಂದ ಶಿಳ್ಳೆ ಕೇಳಿತು.

ಬಹುಮಾನದ ಹೊತ್ತಿಗೆ ನಾನು ಎರಡೂ ಕಲಂಗಳನ್ನು ಎಲ್ಲರ ಎದುರು ಓದಿದೆ. ಡಬ್ಬಿ ಈ ಸಲವೂ ಕೀಪರನಿಗೇ ಹೋಯಿತು. ಹೋಗಬೇಕಾದದ್ದೇ. ಆದರೆ ಯಾರ ಕಡೆಗೆ ಎಷ್ಟು ಬಂದಿತ್ತು ಎಂಬುದು ಈ ಸಲ ಊರಿಗೇ ತಿಳಿದಿತ್ತು.

ಪಾಲಕರಲ್ಲಿ ನನ್ನದೊಂದು ಮಾತು. ಮೇ ತಿಂಗಳಲ್ಲಿ ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ ಪಕ್ಕದ ಮನೆಯ ಅಂಕಿಯ ಜೊತೆ ಇಟ್ಟು ನೋಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಗುವಿನ ಕಡೆಗೆ ಎಷ್ಟು ಬಂದಿತ್ತು? ಎಷ್ಟು ಹೊತ್ತು ಓದಲು ಸಿಕ್ಕಿತ್ತು, ಎಷ್ಟು ದಿನ ಹೊಲಕ್ಕೆ ಹೋಗಿತ್ತು, ಆ ಶಾಲೆಯಲ್ಲಿ ಗಣಿತದ ಮೇಷ್ಟರು ಎಷ್ಟು ತಿಂಗಳು ಇದ್ದರು? ಇದು ನೆಪ ಹುಡುಕುವುದಲ್ಲ. ಬಿಟ್ಟ ಕ್ಯಾಚು ಬಿಟ್ಟದ್ದೇ. ಬಾರದ ಚೆಂಡನ್ನು ಬಿಟ್ಟ ಲೆಕ್ಕಕ್ಕೆ ಸೇರಿಸಬೇಡಿ, ಅಷ್ಟೇ.

ಸಂಜೆ ಬಸ್ಸಿಗೆ ಕಾಯುವಾಗ ಹುಡುಗ ಸೈಕಲ್ಲಿನಲ್ಲಿ ಬಂದು ಒಂದು ಚೀಲ ಈರುಳ್ಳಿ ಕೊಟ್ಟ. "ಅಪ್ಪ ಕೊಟ್ಟು ಬಾ ಅಂದ್ರು" ಎಂದ. ಆಮೇಲೆ ತಡೆದು, "ಸಾರ್, ಬಿಟ್ಟಿದ್ದನ್ನೂ ಬರ್ಕೊಂಡ್ರಾ?" ಎಂದು ಕೇಳಿದ. ನೋಟ್‌ಬುಕ್ ತೆರೆದು ತೋರಿಸಿದೆ. ಬಂದದ್ದು ಆರು, ಹಿಡಿದದ್ದು ನಾಲ್ಕು. ನೋಡಿ, ಸರಿ ಎಂಬಂತೆ ತಲೆಯಾಡಿಸಿ ಹೋದ.