ರಜೆಗೆ ಬಂದ ಹೊಸ ಭಾಷೆ...

ನಮ್ಮ ಚಿಕ್ಕಮ್ಮನ ಊರು ನ್ಯಾಮತಿ ಹತ್ತಿರ. ಅವಳ ಮಗಳು ಪುಟ್ಟಿಗೆ ಹುಟ್ಟಿನಿಂದಲೇ ಕಿವಿ ಕೇಳಿಸೋಲ್ಲ. ಕಿವಿಗೆ ಮಷೀನು ಕೊಡಿಸಿದ್ದಾಯ್ತು, ಊರಿನ ಸರ್ಕಾರಿ ಶಾಲೆಗೆ ಸೇರಿಸಿದ್ದೂ ಆಯ್ತು. ಬಿಐಇಆರ್‌ಟಿ, ಅಂದ್ರೆ ವಿಶೇಷ ಮಕ್ಕಳಿಗಾಗಿಯೇ ಇರೋ ಸಂಪನ್ಮೂಲ ಶಿಕ್ಷಕರು, ಆಗಾಗ ಬಂದು ಹೇಳಿಕೊಡ್ತಿದ್ರು. ಬಹಳ ಒಳ್ಳೆಯವರು. ಆದ್ರೆ ಒಬ್ಬರೇ ಎಷ್ಟು ಊರು ಸುತ್ತೋಕಾಗುತ್ತೆ ಹೇಳಿ? ಅವರು ಬಂದ ದಿನ ಪುಟ್ಟಿಗೆ ಹಬ್ಬ. ಉಳಿದ ದಿನ ಬೋರ್ಡ್ ನೋಡಿ ಮುದ್ದಾಗಿ ಅಕ್ಷರ ಬರೀತಿದ್ಳು, ಒಂದಕ್ಕೂ ಅರ್ಥ ಗೊತ್ತಿಲ್ಲದೆ.

ಕೊನೆಗೆ ಏಳನೇ ವರ್ಷಕ್ಕೆ ಕಿವುಡ ಮಕ್ಕಳ ವಸತಿ ಶಾಲೆಗೆ ಹಾಕಿದ್ರು. ಬಿಟ್ಟು ಬಂದ ರಾತ್ರಿ ಮನೇಲಿ ಯಾರೂ ಊಟ ಮಾಡಲಿಲ್ಲ.

ದಸರಾ ರಜೆಗೆ ಬಂದ್ಳು ನೋಡಿ, ಕೈ ನಿಲ್ತಾನೇ ಇಲ್ಲ! ಏನೋ ದೊಡ್ಡ ಕಥೆ ಹೇಳ್ತಿದಾಳೆ, ನಮಗೊಬ್ಬರಿಗೂ ತಿಳೀತಿಲ್ಲ. ಎರಡು ದಿನ ಹೇಳಿ ಹೇಳಿ, ಆಮೇಲೆ ಸುಮ್ಮನಾದ್ಳು. ಏಳು ವರ್ಷ ಈ ಮಗು ನಮ್ಮ ಮಾತಿನ ಮಧ್ಯೆ ಹೇಗೆ ಕೂತಿತ್ತು ಅನ್ನೋದು ಆಗ ಅರ್ಥವಾಯ್ತು.

ಶಾಲೆ ಬಾಗಿಲಲ್ಲಿ ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಅಮ್ಮಂದಿರು ಸಿಗ್ತಾರೆ. ಅಡಿಕೆ ಸುಲಿಯೋದು ಬಿಟ್ಟು ಬಂದವರು, ಒಂದು ದಿನದ ಕೂಲಿ ಕಳಕೊಂಡು ಬಂದವರು. ಮಕ್ಕಳಿಗಾಗಿ ಕಾಯುತ್ತಾ ಕೂತಲ್ಲೇ ಒಬ್ಬರಿಗೊಬ್ಬರು ಸನ್ನೆ ಹೇಳಿಕೊಳ್ತಾರೆ. ಚಿಕ್ಕಮ್ಮ ಕಲಿತಿದ್ದು ಹಾಗೇ. ಅಜ್ಜಿಗೆ ಮಾತ್ರ ಪುಟ್ಟಿಯೇ ಮೇಷ್ಟ್ರು. ಬೆರಳು ತಪ್ಪಿದ್ರೆ ಹಿಡಿದು ತಿದ್ದುತ್ತಾಳೆ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕೇಳಿಸದ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆಯಲ್ಲೇ ಪಾಠ ಆಗಬೇಕು ಅನ್ನುತ್ತೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೋ ನಿಘಂಟು ತಂತು, 2021ಕ್ಕೆ ಅದು 10,000 ಪದಕ್ಕೆ ಬೆಳೀತು. ಅದರಲ್ಲಿ ಅನ್ನ, ನೀರು, ಜ್ವರ, ಹೆದರಿಕೆ ಇಂಥ ಪದಗಳನ್ನು ಆರಿಸಿ, ಕನ್ನಡದಲ್ಲಿ ಹೆಸರಿಟ್ಟು ಚಿಕ್ಕಮ್ಮನ ಮೊಬೈಲಿಗೆ ಹಾಕಿಕೊಟ್ಟೆ. ಸಾಫ್ಟ್‌ವೇರ್ ಕೆಲಸದವನ ಕೈಲಿ ಆಗೋದು ಅಷ್ಟೇ.

ಶಾಲೆ ಮಗುವಿಗೆ ಭಾಷೆ ಕೊಡುತ್ತೆ, ಸರಿ. ಮನೆಯವರಿಗೆ ಕಲಿಸೋರು ಯಾರು? ಊರಿಗೆ ಬರೋ ಶಿಕ್ಷಕರಿಗೆ ಒಂದಿಷ್ಟು ಹೆಚ್ಚು ಹೊತ್ತು ಸಿಕ್ಕಿ, ಜಗಲಿ ಮೇಲೆ ಅಪ್ಪ, ಅಮ್ಮ, ಅಜ್ಜಿಯನ್ನೂ ಕೂರಿಸಿಕೊಂಡ್ರೆ ಎಷ್ಟು ಚೆನ್ನ! ಅಲ್ಲೀವರೆಗೆ, ನಿಮ್ಮ ಬೀದೀಲಿ ಇಂಥ ಮಗು ಇದ್ರೆ ಹತ್ತು ಸನ್ನೆ ಕಲೀರಿ. ಮಿಕ್ಕಿದ್ದನ್ನ ಮಗುವೇ ಕಲಿಸುತ್ತೆ.